ತೊಗಲು, ಫೈಬರು, ಹತ್ತು ನಿಮಿಷ

ತೊಗಲಿನ ಜಾಗಕ್ಕೆ ಫೈಬರ್ ಬಂದು ಡೊಳ್ಳು ಕೆಟ್ಟಿತು ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ದಾವಣಗೆರೆಯ ಮಂಡಕ್ಕಿ ಅಂಗಡಿಯಲ್ಲಿ ಮೆಣಸಿನಕಾಯಿ ಕಚ್ಚುತ್ತ ಇದನ್ನು ಹೇಳುವವರಿದ್ದಾರೆ, ವೇದಿಕೆಯ ಮೇಲೆ ಶಾಲು ಹೊದ್ದುಕೊಂಡು ಹೇಳುವವರೂ ಇದ್ದಾರೆ. ನಾನು ಹರಿಹರದವನು. ನಿವೃತ್ತನಾಗುವ ತನಕ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಶಾಲೆಯ ಬ್ಯಾಂಡು ನೌಕರಿಯ ಜತೆಗೇ ಬಂದ ಕೆಲಸ. ಡೊಳ್ಳು ಸ್ಪರ್ಧೆಗಳ ತೀರ್ಪುಗಾರಿಕೆ ಆಮೇಲೆ ಅಂಟಿಕೊಂಡದ್ದು. ಎರಡೂ ಕಡೆ ಚರ್ಮವಾದ್ಯಗಳ ಸಹವಾಸ ಮಾಡಿದ್ದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಫೈಬರ್ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಡೊಳ್ಳಿನ ನಾದ ಬದಲಾದದ್ದು ಅದಕ್ಕಿಂತ ಮೊದಲು. ಯಾರ ಎದುರು, ಎಷ್ಟು ಹೊತ್ತು ಬಾರಿಸಬೇಕು ಎಂಬುದು ಬದಲಾದ ದಿನವೇ.

ಮೊದಲು ಹಳೆಯ ಲೆಕ್ಕ ನೋಡೋಣ. ಡೊಳ್ಳು ಹಾಲುಮತದವರ ವಾದ್ಯ, ಬೀರಪ್ಪನ ಗುಡಿ ಅದರ ಮನೆ. ಹರಿಹರ ತಾಲ್ಲೂಕಿನ ಹಳ್ಳಿಗಳಲ್ಲಿ ಡೊಳ್ಳು ಒಬ್ಬರ ಸ್ವತ್ತಾಗಿರಲಿಲ್ಲ. ಗುಡಿಯ ಜಂತೆಗೆ ತೂಗುಹಾಕಿರುತ್ತಿದ್ದರು, ಹಬ್ಬಕ್ಕೆ ಇಳಿಸಿ ಭಂಡಾರ ಹಚ್ಚಿ ಪೂಜೆ ಮಾಡಿದ ಮೇಲೆಯೇ ಹೆಗಲಿಗೆ ಏರಿಸುವುದು. ಮರದ ದಿಮ್ಮಿಯನ್ನು ಕೊರೆದು ಮಾಡಿದ ಮೈ, ಒಂದು ಮುಖಕ್ಕೆ ಮೇಕೆಯ ತೊಗಲು, ಇನ್ನೊಂದಕ್ಕೆ ಕುರಿಯ ತೊಗಲು. ಬಲಗೈಗೆ ಕೋಲು, ಎಡಗಡೆ ಬರಿಯ ಅಂಗೈ. ಕೋಲಿನ ಏಟಿಗೆ ಒಡೆದು ಕೇಳುವ ಸದ್ದು, ಅಂಗೈಗೆ ನೆಲದಾಳದಿಂದ ಬರುವ ಗುಮ್ಮು. ಇವೆರಡರ ನಡುವಿನ ಅಂತರದಲ್ಲೇ ಡೊಳ್ಳಿನ ಮಾತೆಲ್ಲ ಇರುವುದು.

ಬೆಳ್ಳೂಡಿ ಕಡೆಯ ಅಜ್ಜಾರೊಬ್ಬರು ಡೊಳ್ಳು ಕಟ್ಟುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ಅಂಗೈಯಲ್ಲಿ ತೀಡುತ್ತ ದಪ್ಪ ಎಲ್ಲಿದೆ, ತೆಳು ಎಲ್ಲಿದೆ ಎಂದು ಹುಡುಕುತ್ತಿದ್ದರು. ಬೆನ್ನಿನ ಭಾಗ ದಪ್ಪ, ಹೊಟ್ಟೆಯ ಕಡೆ ತೆಳು. ದಪ್ಪ ಭಾಗ ಏಟು ಬೀಳುವ ನಡುಮಧ್ಯಕ್ಕೆ ಬರಬೇಕು. ಬಳೆಗೆ ಸುತ್ತಿ ಹಸಿಯಾಗಿದ್ದಾಗಲೇ ಹಗ್ಗ ಏರಿಸಿ ನೆರಳಿಗಿಟ್ಟರು. ಮಾರನೆಯ ದಿನ ಎಳೆಬಿಸಿಲಿಗೆ ಇಟ್ಟು, ಒಂದೊಂದು ಎಳೆಯನ್ನೂ ಎಳೆದು, ತಟ್ಟಿ, ಕಿವಿಗೊಟ್ಟು, ಮತ್ತೆ ಎಳೆದರು. ‘ಇನ್ನೂ ಬಿಗಿ ಮಾಡಬಹುದಲ್ರೀ ಅಜ್ಜಾರೇ’ ಅಂದೆ. ‘ಬಿಗಿ ಮಾಡಿದ್ರೆ ಕೂಗ್ತೈತಿ ಮೇಷ್ಟ್ರೇ. ನಮ್ಗೆ ಕೂಗೋದು ಬ್ಯಾಡ, ಗುಡುಗಬೇಕು’ ಅಂದರು. ರಾತ್ರಿಯಿಡೀ ಬಾರಿಸುವ ವಾದ್ಯ ಅದು. ಹತ್ತಿರ ನಿಂತು ಪದ ಹಾಡುವವನ ದನಿಯನ್ನು ಮುಚ್ಚಬಾರದು, ಆಚೆ ಊರಿಗೂ ಕೇಳಬೇಕು. ತಗ್ಗಿನ ನಾದಕ್ಕೆ ಈ ಎರಡೂ ಸಾಧ್ಯ. ತೊಗಲಿಗೆ ತನ್ನದೇ ತೂಕ ಇರುವುದರಿಂದ, ದಪ್ಪ ಒಂದೇ ಸಮ ಇಲ್ಲದ್ದರಿಂದ, ಏಟಿನ ಜತೆ ಏಳುವ ಚೂಪಾದ ಮೇಲುಸ್ವರಗಳನ್ನು ಅದು ಬೇಗ ನುಂಗಿಹಾಕುತ್ತದೆ. ಉಳಿಯುವುದು ಗುಡುಗು.

ಆ ಕುಣಿತ ಶುರುವಾಗುತ್ತಿದ್ದದ್ದೂ ನಿಧಾನಕ್ಕೇ. ಒಂದು ಸುತ್ತು, ಎರಡು ಸುತ್ತು, ಕಾಲು ನೆಲಕ್ಕೆ ಹೊಂದಿಕೊಳ್ಳುವ ತನಕ ಯಾರಿಗೂ ಅವಸರವಿಲ್ಲ. ವೇಗ ಏರುವ ಹೊತ್ತಿಗೆ ನೋಡುವವರೂ ಹದಕ್ಕೆ ಬಂದಿರುತ್ತಿದ್ದರು. ದೇವರ ಎದುರು ಹೊತ್ತಿಗೆ ಬರವಿಲ್ಲ.

ಇದನ್ನು ಕೇಳಿ ‘ಆಹಾ, ಆ ಕಾಲ!’ ಅನ್ನುವವರಿಗೆ ಹಲಗೆಯ, ಅಂದರೆ ತಮಟೆಯ, ಕಥೆಯನ್ನೂ ಹೇಳಬೇಕು. ದಾವಣಗೆರೆಯ ನಗರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಬ್ಬಕ್ಕೆ ಸಾರು ಹಾಕುವುದಕ್ಕೆ ಹಲಗೆ ಬೇಕು, ಮೆರವಣಿಗೆಗೆ ಹಲಗೆ ಬೇಕು, ಜಾತ್ರೆಯ ಕುಸ್ತಿ ಅಖಾಡದಲ್ಲಿ ಪಟ್ಟು ಬಿಗಿಯಾದಂತೆ ಏಟಿನ ಓಟ ಏರಿಸುವುದಕ್ಕೂ ಹಲಗೆಯೇ ಬೇಕು. ಹರಿಹರದ ಊರಮ್ಮನ ಹಬ್ಬದಲ್ಲೂ ಹೀಗೇ. ಊರಿಗೆಲ್ಲ ಬೇಕಾದ ಈ ವಾದ್ಯವನ್ನು ಬಾರಿಸುವ ಕೆಲಸ ಮಾತ್ರ ಕೇರಿಯವರ ಪಾಲಿನ ಬಿಟ್ಟಿ ಚಾಕರಿಯಾಗಿತ್ತು. ಸಾವಿನ ಮನೆಗೆ ಕರೆದರೂ ಹೋಗಬೇಕು, ಜಾತ್ರೆಗೆ ಕರೆದರೂ ಹೋಗಬೇಕು. ಗುಡಿಯೊಳಗೆ ಮಾತ್ರ ಕಾಲಿಡುವಂತಿಲ್ಲ. ಸತ್ತ ದನದ ತೊಗಲು ಸುಲಿಯುವುದರಿಂದ ಹಿಡಿದು ಬೆಂಕಿಗೆ ಕಾಯಿಸಿ ಬಾರಿಸುವ ತನಕ ಎಲ್ಲವೂ ಅವರ ತಲೆಗೆ.

ಅದಕ್ಕೇ ಹಲಗೆ ಕೆಳಗಿಟ್ಟವರ ಸಿಟ್ಟು ನನಗೆ ಅರ್ಥವಾಗುತ್ತದೆ. ಪ್ರೊ. ಬಿ. ಕೃಷ್ಣಪ್ಪ ನಮ್ಮ ಹರಿಹರದವರು. 1938ರಲ್ಲಿ ಇಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡು, 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಆ ಚಳವಳಿಯ ಕಾಲದಲ್ಲಿ ಎಷ್ಟೋ ಊರುಗಳ ಹುಡುಗರು ‘ಇನ್ನು ಮುಂದೆ ಬಾರಿಸೋದಿಲ್ಲ’ ಎಂದು ಹೇಳಿದರು. ಊರಿನವರು ಸಂಪ್ರದಾಯ ಮುರಿಯಿತು ಎಂದು ಗೋಳಾಡಿದರು. ಅದೇ ಚಳವಳಿಯ ಜಾಥಾಗಳಲ್ಲಿ, ಹೋರಾಟದ ಹಾಡುಗಳ ಜತೆಗೆ, ಅದೇ ತಮಟೆ ಎದೆಯ ಮೇಲೇರಿ ಬಂತು. ಬಾರಿಸು ಅಂದವರಿಗೆ ಬಾರಿಸದೆ, ತಮಗೆ ಬೇಕಾದಾಗ ಬಾರಿಸಿದರು. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ, ಆ ವಾದ್ಯ ನಡೆದ ದೂರ ಎಷ್ಟೆಂದು ಯೋಚಿಸುತ್ತ ಕೂತಿದ್ದೆ. ಹಲಗೆಗೆ ಕಬ್ಬಿಣದ ಬಳೆ, ಫೈಬರ್ ಹಾಳೆ ಬಂದದ್ದನ್ನು ನಾನು ಬೈಯುವುದಿಲ್ಲ. ಸತ್ತ ದನದ ತೊಗಲು ಮುಟ್ಟಬೇಕಿಲ್ಲ, ಬೆಂಕಿ ಹುಡುಕಿಕೊಂಡು ಅಲೆಯಬೇಕಿಲ್ಲ. ಬಾರಿಸುವವನಿಗೆ ಅದು ಬಿಡುಗಡೆಯೂ ಹೌದು.

ಇನ್ನು ಮೂರನೆಯ ಸದ್ದು, ಬ್ಯಾಂಡು. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎಂದು ಎರಡು ಮೇಳಗಳಿದ್ದವು. ಪಾಶ್ಚಾತ್ಯ ಮೇಳವನ್ನು ನಡೆಸಿದವರಲ್ಲಿ ಆಟ್ಟೊ ಸ್ಮಿತ್ ಎಂಬ ಜರ್ಮನ್ ಸಂಗೀತಗಾರರೂ ಒಬ್ಬರು. ರಾಜನ ಬಾಗಿಲಲ್ಲಿ ಹುಟ್ಟಿದ ಈ ರೂಢಿ ಪೊಲೀಸರಿಗೆ ಬಂತು, ಶಾಲೆಗಳಿಗೆ ಬಂತು, ಕೊನೆಗೆ ಮದುವೆಯ ಬ್ಯಾಂಡ್‌ಸೆಟ್ ಆಯಿತು. ಹರಿಹರ ಆಗ ಮೈಸೂರು ಸೀಮೆಯ ತುದಿ. 1956ರ ತನಕ ತುಂಗಭದ್ರೆಯ ಆಚೆ ದಡ ಬೊಂಬಾಯಿ ಸರ್ಕಾರದ್ದು. ಹೊಳೆ ದಾಟಿದರೆ ರಾಣೆಬೆನ್ನೂರು, ಅಲ್ಲಿಂದ ಮೇಲಕ್ಕೆ ಶಹನಾಯಿ, ತಾಷಾ, ಹಲಗಿಯ ಸೀಮೆ. ಈಚೆ ದಡದಲ್ಲಿ ಕ್ಲಾರಿನೆಟ್, ಸೈಡ್ ಡ್ರಮ್. ನಮ್ಮ ಮದುವೆಯ ದಿಬ್ಬಣಗಳಲ್ಲಿ ಎರಡೂ ಒಟ್ಟಿಗೆ ಬಾರಿಸುತ್ತಿದ್ದವು. ಯಾವುದು ಶುದ್ಧ, ಯಾವುದು ಬೆರಕೆ ಎಂದು ಯಾರೂ ಕೇಳಲಿಲ್ಲ.

ಕೃತಕ ಚರ್ಮ ನಮ್ಮೂರಿಗೆ ಬಂದದ್ದು ಈ ಬ್ಯಾಂಡಿನ ದಾರಿಯಲ್ಲೇ, ಡೊಳ್ಳಿನ ದಾರಿಯಲ್ಲಲ್ಲ. ಅದಕ್ಕೆ ಕಾರಣ ಆಗಸ್ಟ್ 15. ನಮ್ಮ ಕಡೆ ಸ್ವಾತಂತ್ರ್ಯ ದಿನಾಚರಣೆ ಅಂದರೆ ಜಿಟಿಜಿಟಿ ಮಳೆ. ತೊಗಲಿನ ಡ್ರಮ್ಮಿಗೆ ತೇವ ಹಿಡಿಯಿತೆಂದರೆ ಸದ್ದು ಸತ್ತಂತೆ. ಬೆಳಗ್ಗೆ ಆರಕ್ಕೇ ಬಂದು, ಶಾಲೆಯ ಹಿಂದೆ ಹಳೆಯ ಪೇಪರಿಗೆ ಬೆಂಕಿ ಹಚ್ಚಿ, ಸೈಡ್ ಡ್ರಮ್ಮುಗಳನ್ನು ಒಂದೊಂದಾಗಿ ಕಾಯಿಸಿ ಕೊಡುತ್ತಿದ್ದೆವು. ಮೈದಾನಕ್ಕೆ ಹೋಗಿ ಧ್ವಜ ಏರಿ, ಭಾಷಣ ಮುಗಿದು, ಮಾರ್ಚ್‌ಪಾಸ್ಟ್ ಶುರುವಾಗುವ ಹೊತ್ತಿಗೆ ಮತ್ತೆ ಅದೇ ಜೋಲು. ಒಂದು ವರ್ಷ ಅಂಗಡಿಯವನು ಹಾಲುಬಣ್ಣದ ಪ್ಲಾಸ್ಟಿಕ್ ಹೆಡ್ ತಂದುಕೊಟ್ಟ. ಮಳೆಯಲ್ಲಿ ನೆನೆದರೂ ಟರ್ರ್ ಎಂದು ಕೇಳಿತು. ಆ ದಿನ ನಾನು ಸಂಪ್ರದಾಯದ ಬಗ್ಗೆ ಯೋಚಿಸಲಿಲ್ಲ, ಬೆಂಕಿ ಹಚ್ಚುವುದು ತಪ್ಪಿತಲ್ಲ ಎಂದು ಉಸಿರುಬಿಟ್ಟೆ.

ಅಮೆರಿಕದಲ್ಲಿ ಈ ಬದಲಾವಣೆ 1950ರ ದಶಕದ ಕೊನೆಗೇ ಆಗಿಹೋಗಿತ್ತು. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯಿಂದ ರೆಮೊ ಬೆಲ್ಲಿ, ಚಿಕ್ ಇವಾನ್ಸ್ ಎಂಬ ಇಬ್ಬರು ಡ್ರಮ್ ವಾದಕರು ಬೇರೆ ಬೇರೆಯಾಗಿ ಹೆಡ್ ತಯಾರಿಸಿ ಮಾರಿದರು. ಕರುವಿನ ತೊಗಲು ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಿತು. ಆ ದೇಶದಲ್ಲಿ ಡ್ರಮ್ ಕೋರ್ ಎಂಬ ದೊಡ್ಡ ಸ್ಪರ್ಧೆಯೇ ಇದೆ. ನೂರಕ್ಕೂ ಮಿಕ್ಕಿದ ಹುಡುಗ ಹುಡುಗಿಯರು ಫುಟ್‌ಬಾಲ್ ಮೈದಾನದಲ್ಲಿ ಡ್ರಮ್ಮು, ತುತ್ತೂರಿ ಹಿಡಿದು, ನಡೆಯುತ್ತಲೇ ನುಡಿಸುತ್ತಾರೆ. ಅಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಡಿಯೊ ಕಳಿಸಿದ್ದ, ಆಮೇಲೆ ನಾನೇ ಹುಡುಕಿ ಓದಿಕೊಂಡೆ. ಅವರ ಮುಖ್ಯ ಸಂಸ್ಥೆ ಡ್ರಮ್ ಕೋರ್ ಇಂಟರ್‌ನ್ಯಾಷನಲ್; ಮೊದಲ ಚಾಂಪಿಯನ್‌ಷಿಪ್ 1972ರಲ್ಲಿ ನಡೆಯಿತು. ಮೊದಲು ಜಿ ಸ್ವರದ ಬ್ಯೂಗಲ್‌ಗಳಿಗೆ ಮಾತ್ರ ಅವಕಾಶ. 2000ದಲ್ಲಿ ಬೇರೆ ಸ್ವರದ ತುತ್ತೂರಿಗಳೂ ಬಂದವು, 2004ರಲ್ಲಿ ಮೈಕು ಬಂತು, 2009ರಲ್ಲಿ ಸಿಂಥಸೈಜರ್ ಬಂತು. ಒಂದೊಂದು ಸಲವೂ ‘ಇದು ಇನ್ನು ಡ್ರಮ್ ಕೋರೇ ಅಲ್ಲ’ ಎಂದು ಹಳಬರು ತಕರಾರೆತ್ತಿದರು.

ಅದರಲ್ಲಿ ನನಗೆ ಪಾಠವಾದದ್ದು ಸೈಡ್ ಡ್ರಮ್ಮಿನ ಸಂಗತಿ. ಅಲ್ಲಿನ ತೀರ್ಪುಗಾರರು ಹತ್ತು ಜನ ಬಾರಿಸಿದ್ದು ಒಬ್ಬನೇ ಬಾರಿಸಿದಂತೆ ಕೇಳಬೇಕು ಅನ್ನುವವರು. ಒಂದು ಏಟು ಇನ್ನೊಂದರ ಮೇಲೆ ಹರಡಿಕೊಂಡರೆ ಅಂಕ ಹೋಯಿತು. ಹಾಗಾಗಿ ತಂಡಗಳು ಹೆಡ್ಡನ್ನು ಬಿಗಿ ಮಾಡುತ್ತ ಹೋದವು. ಮೈಲಾರ್ ಸಾಲದಾದಾಗ, ಗುಂಡು ತಡೆಯುವ ಜಾಕೆಟ್ಟಿಗೆ ಬಳಸುವ ಕೆವ್ಲಾರ್ ನೂಲಿನ ಹೆಡ್ ಬಂತು. ಆ ಬಿಗಿತವನ್ನು ತಡೆಯಲು ಡ್ರಮ್ಮಿನ ಮೈಯ ರಚನೆಯನ್ನೇ ಬದಲಿಸಬೇಕಾಯಿತು. ತೀರ್ಪುಗಾರನ ಕಿವಿ ಮೊದಲು ಬದಲಾಯಿತು, ಸಾಮಾನು ಅದರ ಹಿಂದೆ ಬಂತು. ನಮ್ಮ ಡೊಳ್ಳಿನ ಕಥೆಯೂ ಇದೇ ಕ್ರಮದಲ್ಲಿ ನಡೆದಿದೆ.

ಡೊಳ್ಳು ಗುಡಿಯ ಅಂಗಳ ಬಿಟ್ಟು ಸ್ಪರ್ಧೆಯ ವೇದಿಕೆ ಹತ್ತಿದ್ದು ಯುವಜನ ಮೇಳಗಳಲ್ಲಿ, ಕಾಲೇಜುಗಳ ಯುವಜನೋತ್ಸವಗಳಲ್ಲಿ. ವಿಶ್ವವಿದ್ಯಾಲಯಗಳ ಉತ್ಸವದಲ್ಲಿ ಜನಪದ ನೃತ್ಯಕ್ಕೆ ಹತ್ತು ಜನ, ಹತ್ತು ನಿಮಿಷ. ಇಡೀ ರಾತ್ರಿಯ ವಾದ್ಯವನ್ನು ಹತ್ತು ನಿಮಿಷಕ್ಕೆ ಇಳಿಸಿದಾಗ ಮೊದಲು ಬಿದ್ದುಹೋಗುವುದು ಯಾವುದು? ಆ ನಿಧಾನದ ಶುರು. ನಾನು ತೀರ್ಪು ಕೊಟ್ಟ ಕಡೆಯೆಲ್ಲ ತಂಡಗಳು ಪರದೆ ಸರಿಯುವಾಗಲೇ ಓಟದಲ್ಲಿರುತ್ತಿದ್ದವು. ಪದ ಹಾಡುವವನು ಮಾಯವಾದ, ಅವನಿಗೆಂದೇ ತಗ್ಗಿನಲ್ಲಿ ಇಟ್ಟಿದ್ದ ನಾದಕ್ಕೂ ಕೆಲಸವಿಲ್ಲದಾಯಿತು. ಆ ಜಾಗಕ್ಕೆ ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುವ ಗೋಪುರ, ಹಲ್ಲಿನಿಂದ ಡೊಳ್ಳು ಕಚ್ಚಿ ಎತ್ತುವ ಸಾಹಸ ಬಂದು ಕೂತವು. ಹೆಗಲ ಮೇಲೆ ಹತ್ತಬೇಕಾದರೆ ಡೊಳ್ಳು ಹಗುರವಾಗಬೇಕು, ಹಗುರವಾಗಬೇಕಾದರೆ ಮೈ ಸಣ್ಣದಾಗಬೇಕು, ಸಣ್ಣ ಮೈಗೆ ತಗ್ಗಿನ ನಾದ ದಕ್ಕುವುದಿಲ್ಲ. ಹಗ್ಗ ಹೋಗಿ ಕಬ್ಬಿಣದ ಬಳೆ, ನಟ್ಟು ಬೋಲ್ಟು ಬಂದವು. 1941ರಲ್ಲಿ ಲೇತ್ ಮಾಡಲು ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದಾಗಿ ಹರಿಹರದಲ್ಲಿ ಓಣಿಗೊಬ್ಬ ಟರ್ನರ್ ಇದ್ದ ಕಾಲ ಅದು. ಅಂಥ ಬಳೆ ತಿರುಗಿಸಿಕೊಡುವುದು ಅವರಿಗೆ ಎಡಗೈ ಕೆಲಸ. ಸ್ಪ್ಯಾನರ್ ಹಿಡಿದರೆ ಎಷ್ಟು ಬೇಕಾದರೂ ಬಿಗಿ ಮಾಡಬಹುದು. ಆ ಬಿಗಿತಕ್ಕೆ ಮೇಕೆಯ ತೊಗಲು ಹರಿಯತೊಡಗಿತು. ಆಗ ಬಂತು ಫೈಬರ್.

ಒಮ್ಮೆ ಗ್ರೀನ್‌ರೂಮಿನಲ್ಲಿ ಹಳೆಯದೊಂದು ತೊಗಲಿನ ಡೊಳ್ಳು, ಹೊಸದೊಂದು ಫೈಬರಿನದು, ಎರಡನ್ನೂ ಅಕ್ಕಪಕ್ಕ ನಿಲ್ಲಿಸಿಕೊಂಡು ತಟ್ಟಿ ನೋಡಿದೆ. ಕೋಲಿನ ಮುಖದಲ್ಲಿ ಫೈಬರಿನದೇ ಮೇಲುಗೈ, ಏಟು ಕತ್ತರಿಸಿದ ಹಾಗೆ ಕೇಳುತ್ತದೆ. ಎಡಮುಖಕ್ಕೆ ಅಂಗೈ ಹಾಕಿದಾಗ ವ್ಯತ್ಯಾಸ ತಿಳಿಯಿತು. ತೊಗಲಿನ ಮೇಲೆ ಅಂಗೈ ಒತ್ತಿದರೆ ನಾದ ಬಾಗುತ್ತದೆ, ಮೆಲ್ಲಗೆ ಬಿಟ್ಟರೆ ಏಳುತ್ತದೆ. ಫೈಬರಿನ ಮೇಲೆ ಒತ್ತಿದರೂ ಬಿಟ್ಟರೂ ಒಂದೇ ಟಂಗ್. ಅಲ್ಲಿದ್ದ ಹುಡುಗನನ್ನು ‘ಎಡಗೈ ಏನು ಮಾಡ್ತೈತಪ್ಪಾ ನಿಂದು?’ ಎಂದು ಕೇಳಿದೆ. ‘ತಾಳ ಹಿಡೀತೈತಿ ಸಾರ್’ ಅಂದ. ಅವನ ತಪ್ಪಲ್ಲ. ಅವನು ಕಲಿತದ್ದು ಸ್ಪರ್ಧೆಯ ಡೊಳ್ಳು, ಸ್ಪರ್ಧೆ ಎಡಗೈಯಿಂದ ಕೇಳಿದ್ದು ಅಷ್ಟೇ. ನಮ್ಮ ತೀರ್ಪಿನ ಹಾಳೆಗಳಲ್ಲಿ ಲಯಕ್ಕೆ, ವೇಷಭೂಷಣಕ್ಕೆ, ಹೊಂದಾಣಿಕೆಗೆ ಕಾಲಂ ಇರುತ್ತಿತ್ತು. ನಾದಕ್ಕೆ ಕಾಲಂ ಇದ್ದ ಹಾಳೆಯನ್ನು ನಾನು ಕಂಡಿಲ್ಲ.

ಸ್ಪರ್ಧೆಯಿಂದ ನಷ್ಟ ಮಾತ್ರವೇ ಆಯಿತೆಂದರೆ ಅದು ಸುಳ್ಳು. ಹುಡುಗಿಯರು ಡೊಳ್ಳು ಹೊತ್ತದ್ದು ಈ ವೇದಿಕೆಗಳಿಂದಲೇ. ಬೀರಪ್ಪನ ಅಂಗಳದಲ್ಲಿ ಡೊಳ್ಳು ಗಂಡಸರ ಹೆಗಲಿನದು. ಈಗ ಕಾಲೇಜು ಹುಡುಗಿಯರ ತಂಡಗಳು ಗಂಡುಮಕ್ಕಳನ್ನು ಹಿಂದೆ ಹಾಕಿ ಬಹುಮಾನ ಒಯ್ಯುವುದನ್ನು ಕಂಡಿದ್ದೇನೆ. ಹಾಲುಮತದ ಆಚೆಗಿನ ಮಕ್ಕಳೂ ಕಲಿತದ್ದು ಇಲ್ಲೇ. ಬೆಳ್ಳೂಡಿಯ ಕನಕ ಗುರುಪೀಠದ ಶಾಖಾಮಠವಿರಲಿ, ರಾಜನಹಳ್ಳಿಯ ವಾಲ್ಮೀಕಿ ಗುರುಪೀಠದ ಜಾತ್ರೆಯಿರಲಿ, ಮೆರವಣಿಗೆಗೆ ಈಗ ಎಲ್ಲ ಜಾತಿಯ ಹುಡುಗರೂ ಡೊಳ್ಳು ಕಟ್ಟಿಕೊಂಡು ಬರುತ್ತಾರೆ.

ಆಮೇಲೆ ಬಂತು ಡಿಜೆ. ಗಣೇಶನ ಮೆರವಣಿಗೆಯಲ್ಲಿ ಲಾರಿಯಷ್ಟೆತ್ತರ ಪೇರಿಸಿದ ಪೆಟ್ಟಿಗೆಗಳ ಎದುರು ಡೊಳ್ಳಿನವರು ಎಷ್ಟು ಬಾರಿಸಿದರೂ ಕಾಣುವುದು ಕೈಯಾಡುವುದಷ್ಟೇ. ಅದಕ್ಕೆ ಪೈಪೋಟಿ ಕೊಡಲು ನಾಸಿಕ್ ಡೋಲ್ ಬಂತು, ಕೇರಳದ ಚಂಡೆ ಬಂತು. ನಮ್ಮ ಡೊಳ್ಳಿನವರೂ ಇನ್ನೊಂದು ಸುತ್ತು ಬೋಲ್ಟು ತಿರುಗಿಸಿದರು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಮಿತಿ; ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಹಚ್ಚುವಂತಿಲ್ಲ. 2010ರ ತಿದ್ದುಪಡಿ ವಾದ್ಯಗಳನ್ನೂ ಈ ರಾತ್ರಿ ನಿರ್ಬಂಧದೊಳಗೆ ತಂದಿತು. ಸರ್ಕಾರ ಬೇಕೆಂದರೆ ವರ್ಷಕ್ಕೆ 15 ದಿನ ಮಧ್ಯರಾತ್ರಿಯ ತನಕ ವಿನಾಯಿತಿ ಕೊಡಬಹುದು, ಅಷ್ಟೇ. ಡಿಜೆಗೆಂದು ಬಿಗಿದ ಹಗ್ಗ ಬೀರಪ್ಪನ ಅಹೋರಾತ್ರಿ ಡೊಳ್ಳಿಗೂ ಸುತ್ತಿಕೊಂಡಿದೆ ಎಂಬುದನ್ನು ಗಮನಿಸಿದವರು ಕಡಿಮೆ. 2025ರಲ್ಲಿ ದಾವಣಗೆರೆ ಜಿಲ್ಲಾಡಳಿತ ಗಣೇಶ ಹಬ್ಬಕ್ಕೆ ಡಿಜೆ ಬೇಡವೆಂದಾಗ ರಾಜಕೀಯದವರು ಜಗಳವಾಡಿದರು. ಡೊಳ್ಳು ಮೇಳದವರ ಫೋನು ಮಾತ್ರ ಬಿಡುವಿಲ್ಲದೆ ಬಡಿದುಕೊಂಡಿತು. ಒಳ್ಳೆಯದೇ. ಆದರೆ ಡಿಜೆಯ ಖಾಲಿ ಜಾಗ ತುಂಬಲು ಕರೆಸಿದ ಡೊಳ್ಳಿನಿಂದ ಜನ ಡಿಜೆಯ ಅಬ್ಬರವನ್ನೇ ಬಯಸುತ್ತಾರೆ.

ಹಾಗಾದರೆ ಮಾಡುವುದೇನು? ತೊಗಲಿನ ಡೊಳ್ಳೇ ತರಬೇಕು ಎಂದು ನಿಯಮ ಬರೆದರೆ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತೊಗಲು ಹದ ಮಾಡಿ ಕಟ್ಟುವವರು ಕೈಬೆರಳೆಣಿಕೆಗೆ ಇಳಿದಿರುವಾಗ ಆ ನಿಯಮ ಹಳ್ಳಿಯ ಬಡ ತಂಡಗಳನ್ನೇ ಹೊರಗಿಡುತ್ತದೆ. ಸಾಮಾನಿನ ಮೇಲೆ ಕಾವಲು ಕೂರುವ ಬದಲು ಕಿವಿಯನ್ನು ತಿದ್ದಬೇಕು. ನೂರಕ್ಕೆ ಇಪ್ಪತ್ತೈದು ಅಂಕ ನಾದಕ್ಕೆ ಇಡಿ, ಅದರಲ್ಲಿ ಅರ್ಧ ಎಡಗೈಗೆ. ವೇದಿಕೆಯ ಮೈಕು ತೆಗೆಯಿರಿ. ಮೊದಲ ಮೂರು ನಿಮಿಷ ನಿಧಾನದ ನಡೆ, ಅದರಲ್ಲಿ ಪದ ಹಾಡುವವನ ದನಿ ಕೇಳಲೇಬೇಕು ಎನ್ನಿ. ಆಗ ಬೋಲ್ಟನ್ನು ಯಾರೂ ಹೇಳದೆಯೇ ಸಡಿಲಿಸುತ್ತಾರೆ. ಫೈಬರಿನಲ್ಲೇ ಆ ಗುಡುಗು ತರುವ ಜಾಣ ಹುಟ್ಟಿದರೆ ಅವನಿಗೂ ಬಹುಮಾನ ಕೊಡೋಣ. ಆಗದಿದ್ದರೆ ಎಲ್ಲರೂ ತೊಗಲು ಕಟ್ಟುವವರ ಮನೆ ಹುಡುಕಿಕೊಂಡು ಹೋಗುತ್ತಾರೆ, ಆ ಕಸುಬಿಗೂ ಕಾಸು ಹುಟ್ಟುತ್ತದೆ.

ಇದನ್ನು ಸಂಘಟಕರ ಮುಂದೆ ಇಟ್ಟಾಗಲೆಲ್ಲ ಬರುವ ಉತ್ತರ ಒಂದೇ. ‘ಟೈಮ್ ಎಲ್ಲೈತಿ ಸಾರ್, ಇನ್ನೂ ಇಷ್ಟು ತಂಡ ಅದಾವೆ, ಊಟದ ಹೊತ್ತಿಗೆ ಮುಗೀಬೇಕು.’ ತಂಡಗಳು ಹೆಚ್ಚಿದ್ದರೆ ಸ್ಪರ್ಧೆ ಎರಡು ದಿನ ನಡೆಸಿ ಎನ್ನುತ್ತೇನೆ. ಒಂದು ಜಿಲ್ಲೆ ತನ್ನ ಡೊಳ್ಳಿಗೆ ಇನ್ನೊಂದು ದಿನ ಕೊಡಲಾರದೆ ಹೋದರೆ, ಡೊಳ್ಳು ಕೆಟ್ಟಿತು ಎಂದು ಫೈಬರಿನ ಮೇಲೆ ತಪ್ಪು ಹೊರಿಸುವ ಹಕ್ಕು ಅದಕ್ಕಿಲ್ಲ.